ಮೈನ್ ಸ್ವಿಚ್ಚು ಕಲಿಸಿದ ಪಾಠ

ಕಳೆದ ಬೇಸಗೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಈ ತಿಂಗಳು ನಿಮ್ಮ ಮುಂದಿಡಬೇಕೆಂದು ಮನಸ್ಸು ಮಾಡಿದ್ದೇವೆ. ಹಾಗೆ ಮನಸ್ಸು ಮಾಡುವುದಕ್ಕೆ ನಮಗೆ ಸ್ವಲ್ಪ ಕಾಲ ಹಿಡಿಯಿತು. ಏಕೆಂದರೆ ಅದರಲ್ಲಿ ತಪ್ಪು ಯಾರದೆಂದು ಹುಡುಕುತ್ತ ಹೋದರೆ ಬೆರಳು ಕೊನೆಗೆ ನಮ್ಮ ಕಡೆಗೇ ತಿರುಗುತ್ತದೆ. ಮೂವತ್ತು ವರ್ಷ ಮಕ್ಕಳ ತಪ್ಪುಗಳಿಗೆ ಕೆಂಪು ಶಾಯಿ ಹಚ್ಚಿದ ಕೈ ತನ್ನ ತಪ್ಪನ್ನು ಬರೆಯಲು ಹಿಂಜರಿಯುವುದು ಸಹಜವೇ. ಆದರೂ ಬರೆಯದೆ ಇದ್ದರೆ ಅದೇ ತಪ್ಪು ಇನ್ನೊಂದು ಮನೆಯಲ್ಲಿ ನಡೆದೀತೆಂಬ ಭಯವಿದೆ. ಆದಕಾರಣ ಬರೆಯುತ್ತಿದ್ದೇವೆ.

ನಮ್ಮ ಅಕ್ಕನವರಿಗೆ ಅರುವತ್ತೈದು ದಾಟಿದೆ. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾದುವು. ಮಾತ್ರೆಗಳ ಕಾಲ ಮುಗಿದು ಈಗ ದಿನವೂ ಇನ್ಸುಲಿನ್ ಚುಚ್ಚುಮದ್ದು ತೆಗೆದುಕೊಳ್ಳುತ್ತಾರೆ. ಒಂದು ಕಾಲದಲ್ಲಿ ಆ ಸೀಸೆಗಾಗಿ ನಾವು ಚಾಮರಾಜನಗರಕ್ಕೆ ಹೋಗಬೇಕಾಗಿತ್ತು. ಇಲ್ಲವೆ ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಸತ್ಯಮಂಗಲಕ್ಕೆ ಹೋಗಬೇಕಾಗಿತ್ತು. ನಮ್ಮ ಶಾಲೆಯಲ್ಲಿಯೇ ಅಕ್ಷರ ಕಲಿತ ಒಬ್ಬ ಹುಡುಗ ಓದಿ ಬಂದು ತಾಳವಾಡಿಯಲ್ಲಿ ಔಷಧಿ ಅಂಗಡಿ ತೆರೆದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಅಂಗಡಿಯ ಒಂದು ಮಗ್ಗುಲಲ್ಲಿ ವೈದ್ಯರು ಬಂದು ಕೂರುವ ಸಣ್ಣ ಕೋಣೆ, ಅದಕ್ಕೊಂದು ಏಸಿ. ಒಳಗಡೆ ಔಷಧಗಳಿಗಾಗಿ ಒಂದು ಫ್ರಿಜ್ಜು. ಹಿಂಬದಿಯಲ್ಲಿ ಅವನ ಮನೆ. ಮೇಲೆ ತಗಡಿನ ಚಾವಣಿ.

ಏಪ್ರಿಲ್ ತಿಂಗಳಲ್ಲಿ ಅಕ್ಕನವರ ರಕ್ತದ ಸಕ್ಕರೆ ಕಾರಣವಿಲ್ಲದೆ ಏರತೊಡಗಿತು. ಊಟ ಅದೇ, ಚುಚ್ಚುಮದ್ದು ಅದೇ, ಆದರೂ ಏರುತ್ತಲೇ ಇತ್ತು. ಆಗ ಆ ಮನೆ ಈ ಮನೆಯಲ್ಲಿ ಗೃಹಪ್ರವೇಶ, ನಾಮಕರಣಗಳ ಊಟವಿತ್ತು. ನಾವು ಒಂದು ದಿನ ತಾಳ್ಮೆಗೆಟ್ಟು, “ಅಕ್ಕಾ, ಒಬ್ಬಟ್ಟು ತಿಂದದ್ದನ್ನು ಮುಚ್ಚಿಟ್ಟರೆ ಯಾರಿಗೆ ನಷ್ಟ?” ಎಂದುಬಿಟ್ಟೆವು. ಅವರು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದ, “ನಾನು ಕದ್ದು ತಿಂದೆ ಅಂತ ನೀನೂ ಹೇಳುತ್ತೀಯೇನಪ್ಪ?” ಎಂಬ ಮಾತು ಮಾತ್ರ ಕೇಳಿಸಿತು. ಅಪ್ಪ ತೀರಿಕೊಂಡ ಮೇಲೆ ನಮ್ಮನ್ನು ಓದಿಸುವುದಕ್ಕಾಗಿ ಕಬ್ಬಿನ ಗದ್ದೆಯಲ್ಲಿ ಕೂಲಿಗೆ ಹೋದವರು ಆ ಅಕ್ಕ. ಆ ಮಾತನ್ನು ನಾವು ಮರೆಯುವಂತಿಲ್ಲ.

ನಾಲ್ಕು ದಿನಗಳ ಮೇಲೆ ತಲೆಸುತ್ತು ಬಂದು ವೈದ್ಯರಲ್ಲಿಗೆ ಕರೆದೊಯ್ದೆವು. ಅವರು ನಮ್ಮ ಕೈಲಿದ್ದ ಸೀಸೆಯನ್ನು ತೆಗೆದುಕೊಂಡು ಅಂಗೈಗಳ ನಡುವೆ ಮೆಲ್ಲನೆ ಉರುಳಿಸಿ ಬೆಳಕಿಗೆ ಹಿಡಿದರು. ಸಮವಾಗಿ ಬೆರೆತು ಹಾಲಿನಂತೆ ಕಾಣಬೇಕಾಗಿದ್ದ ಔಷಧದಲ್ಲಿ ಬಿಳಿಯ ಗಂಟುಗಳು ತೇಲುತ್ತಿದ್ದುವು. “ಇದು ಎಲ್ಲಿಯೋ ಹೆಪ್ಪುಗಟ್ಟಿ ಕರಗಿದೆ ಮೇಷ್ಟ್ರೇ. ಇದರ ಸತ್ವವನ್ನು ನಂಬುವ ಹಾಗಿಲ್ಲ. ಬಿಸಾಡಿ” ಎಂದರು. ಇನ್ಸುಲಿನ್ನನ್ನು ತೆರೆಯುವವರೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಬಿಸಿಯಾದರೆ ಅದು ಕ್ರಮೇಣ ಕೆಡುತ್ತದೆ. ಒಮ್ಮೆ ಹೆಪ್ಪುಗಟ್ಟಿತೆಂದರೆ ಮತ್ತೆ ಬಳಸಲೇಬಾರದು. ನಮ್ಮ ಜನರಲ್ಲಿ ಅನೇಕರು ಬಿಸಿಯ ಅಪಾಯವನ್ನು ಬಲ್ಲರು, ಅತಿ ತಂಪಿನ ಅಪಾಯವನ್ನು ಅರಿಯರು. ನಾವೂ ಅರಿತಿರಲಿಲ್ಲ.

ಅಂಗಡಿಗೆ ಹೋದೆವು. ಮಾಲೀಕನಾದ ನಮ್ಮ ಶಿಷ್ಯ ಗಾಬರಿಗೊಂಡ. ಫ್ರಿಜ್ಜು ಹೊಸದು, ಕೆಟ್ಟಿರಲಿಲ್ಲ. ಅಲ್ಲಿ ಕೆಲಸಕ್ಕಿದ್ದ ಹುಡುಗನನ್ನು ಕರೆದು ವಿಚಾರಿಸಿದೆವು. ಅವನೂ ನಮ್ಮ ಶಾಲೆಯವನೇ. ಹಿಂದಿನ ಎರಡು ತಿಂಗಳ ಕರೆಂಟು ಬಿಲ್ಲು ಹೆಚ್ಚಾಗಿ ಬಂದಿತೆಂದು ಮಾಲೀಕ, “ಸ್ವಲ್ಪ ನೋಡಿಕೊಂಡು ಖರ್ಚು ಮಾಡೋ” ಎಂದಿದ್ದನಂತೆ. ಅಂದಿನಿಂದ ಈ ಹುಡುಗ ರಾತ್ರಿ ಒಂಬತ್ತಕ್ಕೆ ಅಂಗಡಿ ಮುಚ್ಚುವಾಗ ಮೈನ್ ಸ್ವಿಚ್ಚನ್ನೇ ಆರಿಸಿ ಬೀಗ ಹಾಕುತ್ತಿದ್ದ. ಬೆಳಿಗ್ಗೆ ಎಂಟಕ್ಕೆ ಬಂದು ಹಾಕುತ್ತಿದ್ದ. ರಾತ್ರಿಯೆಲ್ಲ ತಂಪು ಇಳಿದಿರುತ್ತದಲ್ಲ, ಬೇಗ ತಂಪಾಗಲೆಂದು ಫ್ರಿಜ್ಜಿನ ಗುಂಡಿಯನ್ನು ಕೊನೆಯ ಅಂಕಿಯಾದ 7ರವರೆಗೂ ತಿರುಗಿಸಿಬಿಡುತ್ತಿದ್ದ. ಮತ್ತೆ ಹಿಂದಕ್ಕೆ ತಿರುಗಿಸುವವರಿರಲಿಲ್ಲ. ಇನ್ಸುಲಿನ್ ಸೀಸೆಗಳು ಮಂಜುಗಡ್ಡೆಯ ಗೂಡಿನ ಕೆಳಗೆ, ಹಿಂದಿನ ಗೋಡೆಗೆ ತಾಗಿಕೊಂಡಿದ್ದುವು. ಹಗಲು ಹೆಪ್ಪುಗಟ್ಟುವುದು, ರಾತ್ರಿ ಕರಗುವುದು, ಹೀಗೆ ವಾರಗಟ್ಟಲೆ ನಡೆದಿತ್ತು.

“ಯಾರು ಹೇಳಿದರಪ್ಪಾ ಮೈನ್ ಆರಿಸು ಎಂದು?” ಎಂದು ನಾವು ಸ್ವಲ್ಪ ಗಡುಸಾಗಿಯೇ ಕೇಳಿದೆವು.

ಹುಡುಗ ತಲೆ ತಗ್ಗಿಸಿ, “ನೀವೇ ಹೇಳಿಕೊಟ್ಟದ್ದು ಸಾರ್. ಸ್ಕೂಲಿನ ಗೋಡೆ ಮೇಲೆ ಬರೆಸಿದ್ದೀರಲ್ಲ” ಎಂದ.

ಹೌದು, ಬರೆಸಿದ್ದೇವೆ. “ಬೀಗ ಹಾಕುವ ಮೊದಲು ಮೈನ್ ಸ್ವಿಚ್ಚು ಆರಿಸಿ, ವಿದ್ಯುತ್ ಉಳಿಸಿ” ಎಂದು ನೀಲಿ ಬಣ್ಣದಲ್ಲಿ, ದಪ್ಪಕ್ಷರಗಳಲ್ಲಿ ಬರೆಸಿದ್ದೇವೆ. ಅವನು ಐದನೆಯ ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿ ನಮ್ಮಿಂದ ಶಹಭಾಸ್ ಪಡೆದಿದ್ದ. ಫ್ರಿಜ್ಜಿಲ್ಲದ ಶಾಲೆಯ ಮಟ್ಟಿಗೆ ಆ ಮಾತು ಸರಿಯೇ. ಎಲ್ಲ ಕಟ್ಟಡಗಳಿಗೂ ಅದೇ ಸೂತ್ರವೆಂದು ಕಲಿಸಿದ್ದು ನಮ್ಮ ತಪ್ಪು. ಯಾವುದನ್ನು ಆರಿಸಬೇಕು, ಯಾವುದನ್ನು ಆರಿಸಬಾರದು, ಯಾವುದು ತಾನೇ ಆರಿ ತಾನೇ ಹೊತ್ತಬೇಕು ಎಂಬ ಮೂರು ಭೇದಗಳನ್ನು ನಾವು ಮಕ್ಕಳಿಗೆ ಹೇಳಿಕೊಟ್ಟಿರಲಿಲ್ಲ.

ಆ ಮೂರನೆಯದನ್ನು ಈಗ ನೋಡೋಣ.

ತಿಳಿದುದರಿಂದ ತಿಳಿಯದುದಕ್ಕೆ ಕರೆದೊಯ್ಯಬೇಕೆಂಬುದು ನಾವು ಶಿಕ್ಷಕರ ತರಬೇತಿಯಲ್ಲಿ ಕಲಿತ ಮೊದಲ ಪಾಠ. ನಮ್ಮ ಸೀಮೆಯ ವಾಚಕರಲ್ಲಿ ಆಲೆಮನೆಯನ್ನು ನೋಡದವರು ವಿರಳ. ಅಲ್ಲಿ ಕೊಪ್ಪರಿಗೆಯ ಬಳಿ ನಿಂತು ಪಾಕ ನೋಡುವವನೊಬ್ಬ. ತಗ್ಗಿನಲ್ಲಿ ಕುಳಿತು ಒಲೆಗೆ ಕಬ್ಬಿನ ಸಿಪ್ಪೆ ತುಂಬುವವನಿನ್ನೊಬ್ಬ. ಒಲೆಯವನಿಗೆ ಪಾಕ ಕಾಣಿಸದು. ಪಾಕದವನ ಕೈ ಒಲೆಗೆ ನಿಲುಕದು. ನೊರೆ ಉಕ್ಕಿಬಂದರೆ ಮೇಲಿನವನು ಕೂಗುತ್ತಾನೆ, ಕೆಳಗಿನವನು ಉರಿ ತಗ್ಗಿಸುತ್ತಾನೆ. ಪಾಕ ಮಂದವಾದರೆ ಮತ್ತೆ ಕೂಗು, ಮತ್ತೆ ಸಿಪ್ಪೆ. ನೋಡುವ ಕಣ್ಣು, ಮುಟ್ಟಿಸುವ ಕೂಗು, ಮಾಡುವ ಕೈ, ಈ ಮೂರು ಸೇರಿದರೆ ಬೆಲ್ಲ ಹದವಾಗುತ್ತದೆ. ಯಂತ್ರಗಳು ಶಾಖವನ್ನಾಗಲಿ ತಂಪನ್ನಾಗಲಿ ಹದವಾಗಿಡುವುದೂ ಇದೇ ಮೂರರಿಂದ. ಅದಕ್ಕಿಂತ ಹೆಚ್ಚಿನ ಗುಟ್ಟೇನೂ ಅದರಲ್ಲಿಲ್ಲ.

ಕಣ್ಣಿನ ಕೆಲಸವನ್ನು ಮಾಡಿದ್ದು ಎರಡು ಲೋಹಗಳ ಒಂದು ಪಟ್ಟಿ. ಹಿತ್ತಾಳೆ ಮತ್ತು ಉಕ್ಕು ಬಿಸಿಯಾದಾಗ ಒಂದೇ ಸಮನಾಗಿ ಹಿಗ್ಗುವುದಿಲ್ಲ. ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ. ಎರಡನ್ನೂ ಬೆಸೆದು ಒಂದೇ ಪಟ್ಟಿ ಮಾಡಿದರೆ ಬಿಸಿಗೆ ಅದು ಒಂದು ಕಡೆಗೆ ಬಾಗುತ್ತದೆ, ತಂಪಿಗೆ ಮರಳಿ ನೆಟ್ಟಗಾಗುತ್ತದೆ. ಇಂಗ್ಲೆಂಡಿನ ಗಡಿಯಾರ ತಯಾರಕ ಜಾನ್ ಹ್ಯಾರಿಸನ್ 18ನೆಯ ಶತಮಾನದಲ್ಲಿ ಹಡಗಿನ ಗಡಿಯಾರಗಳು ಬಿಸಿಲು ಚಳಿಗಳಲ್ಲಿ ತಪ್ಪದಿರಲೆಂದು ಇಂಥ ಪಟ್ಟಿಯನ್ನು ಬಳಸಿದನು. 1830ರಲ್ಲಿ ಆಂಡ್ರ್ಯೂ ಯೂರ್ ಎಂಬ ರಸಾಯನಜ್ಞನು ಇಂಥ ಪಟ್ಟಿಯಿಂದಲೇ ಶಾಖವನ್ನು ಹತೋಟಿಯಲ್ಲಿಡುವ ಸಲಕರಣೆಗೆ ಪೇಟೆಂಟ್ ಪಡೆದು ಅದನ್ನು ಥರ್ಮೊಸ್ಟಾಟ್ ಎಂದು ಕರೆದನು. ಆ ಹೆಸರೇ ನಿಂತಿದೆ.

ಈ ಕಥೆಯಲ್ಲಿ ನಮ್ಮ ವೃತ್ತಿಯವರೊಬ್ಬರು ಬರುತ್ತಾರೆಂಬುದನ್ನು ಓದಿ ನಾವು ಹಿಗ್ಗಿದೆವು. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ವೈಟ್‌ವಾಟರ್ ಎಂಬ ಊರಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವ ನಾರ್ಮಲ್ ಸ್ಕೂಲೊಂದಿತ್ತು. ಅಲ್ಲಿ ವಾರೆನ್ ಜಾನ್ಸನ್ ಎಂಬವರು ಅಧ್ಯಾಪಕರು. ಆ ದೇಶದ ಚಳಿಗೆ ನೆಲಮಾಳಿಗೆಯ ಒಲೆಯಿಂದ ಕೋಣೆಕೋಣೆಗೂ ಶಾಖ ಹೋಗಬೇಕು. ಯಾವ ಕೋಣೆ ಎಷ್ಟು ಬೆಚ್ಚಗಿದೆಯೆಂದು ತಿಳಿಯಲು ಜವಾನನು ಪಾಠದ ನಡುವೆಯೇ ಬಾಗಿಲು ತೆರೆದು ಬಂದು ಉಷ್ಣಮಾಪಕ ನೋಡಿ, ಮತ್ತೆ ಕೆಳಗಿಳಿದು ಗಾಳಿಕಿಂಡಿಗಳನ್ನು ತೆರೆಯುವುದೋ ಮುಚ್ಚುವುದೋ ಮಾಡಬೇಕಾಗಿತ್ತು. ಪಾಠ ಹೇಳುವವರಿಗೆ ಇದರ ಸಂಕಟವನ್ನು ವಿವರಿಸಬೇಕಾಗಿಲ್ಲ. ಬಾಗಿಲು ಒಮ್ಮೆ ಕಿರ್ರೆಂದರೆ ನಲವತ್ತು ತಲೆಗಳು ಅತ್ತ ತಿರುಗುತ್ತವೆ. ಮತ್ತೆ ಇತ್ತ ತಿರುಗಿಸಲು ಹತ್ತು ನಿಮಿಷ ಬೇಕು. ಬೇಸತ್ತ ಜಾನ್ಸನ್ 1883ರಲ್ಲಿ ಒಂದು ಉಪಕರಣಕ್ಕೆ ಪೇಟೆಂಟ್ ಪಡೆದರು. ಗೋಡೆಯ ಮೇಲೆ ಸುರುಳಿ ಸುತ್ತಿದ ದ್ವಿಲೋಹ ಪಟ್ಟಿ. ಅದು ತಿರುಗಿದಾಗ ಪಾದರಸದ ಸ್ವಿಚ್ಚು ವಿದ್ಯುತ್ತಿನ ದಾರಿಯನ್ನು ಕೂಡಿಸುತ್ತದೆ. ಕೆಳಗೆ ಒಲೆ ನೋಡಿಕೊಳ್ಳುವವನ ಬಳಿ ಗಂಟೆ ಬಾರಿಸುತ್ತದೆ. ಅಷ್ಟೇ.

ಗಮನಿಸಿ, ಆ ಮೊದಲ ಉಪಕರಣವು ಜವಾನನ ಕೆಲಸವನ್ನು ತಾನು ಮಾಡಲಿಲ್ಲ. ಅವನನ್ನು ಸರಿಯಾದ ಸಮಯಕ್ಕೆ ಕರೆಯಿತು. ಕೈ ಮನುಷ್ಯನದೇ ಆಗಿತ್ತು, ಕಣ್ಣು ಮತ್ತು ಕೂಗು ಮಾತ್ರ ಯಂತ್ರದ್ದಾದುವು. 1885ರಲ್ಲಿ ಅವರು ಮಿಲ್ವಾಕಿ ನಗರದಲ್ಲಿ ತಮ್ಮ ಸಂಸ್ಥೆಯನ್ನು ಆರಂಭಿಸಿದರು. ಮುಂದೆ ಒತ್ತಿದ ಗಾಳಿಯ ಬಲದಿಂದ ಕವಾಟಗಳನ್ನು ತಾನೇ ತೆರೆದು ಮುಚ್ಚುವ ವ್ಯವಸ್ಥೆಯನ್ನು ಕಂಡುಹಿಡಿದು 1895ರಲ್ಲಿ ಅದಕ್ಕೂ ಪೇಟೆಂಟ್ ಪಡೆದರು. ಆಗ ಕೈಯೂ ಯಂತ್ರದ್ದಾಯಿತು. ಆ ಸಂಸ್ಥೆ ಇಂದಿಗೂ ಜಾನ್ಸನ್ ಕಂಟ್ರೋಲ್ಸ್ ಎಂಬ ಹೆಸರಿನಲ್ಲಿ ಲೋಕದ ದೊಡ್ಡ ಕಟ್ಟಡಗಳಿಗೆ ನಿಯಂತ್ರಣ ಯಂತ್ರಗಳನ್ನು ಒದಗಿಸುತ್ತಿದೆ.

ಹವಾನಿಯಂತ್ರಣ ಯಂತ್ರದ ಕಥೆ ಇದಕ್ಕಿಂತ ಈಚಿನದು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯದಲ್ಲಿ ಬೇಸಗೆಯ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಆ ತೇವವನ್ನು ಹತೋಟಿಗೆ ತರಲು ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ರೂಪಿಸಿದ ವ್ಯವಸ್ಥೆಯೇ ಇಂದಿನ ಹವಾನಿಯಂತ್ರಣದ ಮೂಲ. ಮನುಷ್ಯರ ಸುಖಕ್ಕಿಂತ ಮೊದಲು ಅದು ಪತ್ರಿಕೆಯ ಕಾಗದದ ಸುಖಕ್ಕಾಗಿ ಹುಟ್ಟಿತೆಂದರೆ ಈ ಮಾಸಪತ್ರಿಕೆಯ ವಾಚಕರು ಸಂತೋಷಪಟ್ಟಾರು.

ಇನ್ನು ನಮ್ಮ ಹುಡುಗ ಮಾಡಿದ ಎರಡನೆಯ ತಪ್ಪಿಗೆ ಬರೋಣ. ಗುಂಡಿಯನ್ನು 7ಕ್ಕೆ ತಿರುಗಿಸಿದರೆ ಬೇಗ ತಂಪಾಗುತ್ತದೆಂದು ಅವನು ನಂಬಿದ್ದ. ನೀರಿನ ನಲ್ಲಿಯನ್ನು ಹೆಚ್ಚು ತಿರುಗಿಸಿದರೆ ಹೆಚ್ಚು ನೀರು ಬರುತ್ತದಷ್ಟೆ? ಅದೇ ಎಣಿಕೆ. ಆದರೆ ಥರ್ಮೊಸ್ಟಾಟ್ ನಲ್ಲಿಯಲ್ಲ. ಅದು, “ಇಷ್ಟು ತಂಪಾದಾಗ ನಿಲ್ಲು” ಎಂಬ ಆಜ್ಞೆ ಮಾತ್ರ. ಸಾಮಾನ್ಯ ಫ್ರಿಜ್ಜಿನ ಯಂತ್ರ ಓಡುವಾಗ ಒಂದೇ ವೇಗದಲ್ಲಿ ಓಡುತ್ತದೆ. 3ಕ್ಕೆ ಇಟ್ಟರೂ 7ಕ್ಕೆ ಇಟ್ಟರೂ ಹದವಾದ ತಂಪಿಗೆ ಅದು ಇಳಿಯಲು ಹಿಡಿಯುವ ಕಾಲ ಒಂದೇ. ವ್ಯತ್ಯಾಸವೇನೆಂದರೆ, 7ಕ್ಕೆ ಇಟ್ಟದ್ದು ಅಲ್ಲಿ ನಿಲ್ಲದೆ ಕೆಳಗಿಳಿಯುತ್ತ ಹೋಗುತ್ತದೆ, ಮಂಜುಗಡ್ಡೆಯ ತನಕ. ಚಾಮರಾಜನಗರದ ಬಸ್ಸು ಹತ್ತಿದವನು ಮೈಸೂರಿಗೆ ಟಿಕೀಟು ಕೊಂಡ ಮಾತ್ರಕ್ಕೆ ಚಾಮರಾಜನಗರ ಬೇಗ ಬರುವುದಿಲ್ಲ. ಇಳಿಯಬೇಕಾದ ಊರು ದಾಟಿಹೋಗುತ್ತದೆ. ಏಸಿಯನ್ನು 16 ಅಥವಾ 18 ಡಿಗ್ರಿಗೆ ಇಟ್ಟು ಕೂರುವವರೂ ಹೆಚ್ಚಾಗಿ ಇದೇ ತಪ್ಪನ್ನು ಮಾಡುತ್ತಾರೆ. ಇನ್ನೊಂದು ಮಾತು. ಸಾಮಾನ್ಯ ಫ್ರಿಜ್ಜಿನ ಗುಂಡಿಯ ಮೇಲಿರುವ ಅಂಕಿಗಳು ಡಿಗ್ರಿಗಳಲ್ಲ. 5 ಎಂದರೆ 5 ಡಿಗ್ರಿ ಎಂದು ತಿಳಿದು ಮೋಸಹೋದವರುಂಟು. ಅದು ತಂಪಿನ ಹೆಚ್ಚುಕಡಮೆಯ ಗುರುತು ಅಷ್ಟೆ. ಈ ಸಂಗತಿ ಫ್ರಿಜ್ಜಿನೊಡನೆ ಬಂದ ಪುಸ್ತಿಕೆಯಲ್ಲಿತ್ತು. ಆದರೆ ಪುಸ್ತಿಕೆ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಇತ್ತು; ಹುಡುಗ ಓದಿದ್ದು ಕನ್ನಡ.

ಹಾಗಾದರೆ ಅಂಗಡಿಯ ಬಿಲ್ಲು ಏಕೆ ಏರಿತ್ತು? ಶಿಷ್ಯನೂ ನಾವೂ ಒಂದು ಭಾನುವಾರ ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಸಣ್ಣ ಫ್ರಿಜ್ಜು ದಿನವೆಲ್ಲ ಇದ್ದರೂ ಸುಮಾರು ಒಂದು ಯೂನಿಟ್ಟಿನೊಳಗೇ ಮುಗಿಸುತ್ತದೆ. ರಾತ್ರಿ ಹನ್ನೊಂದು ಗಂಟೆ ಆರಿಸಿದ್ದರಿಂದ ಉಳಿದದ್ದು ಅರ್ಧ ಯೂನಿಟ್ಟೂ ಇಲ್ಲ. ಒಂದೂವರೆ ಟನ್ನಿನ ಏಸಿಯಾದರೋ ಅದರ ಕಂಪ್ರೆಸರ್ ಓಡುತ್ತಿರುವಷ್ಟು ಹೊತ್ತು ಗಂಟೆಗೆ ಹತ್ತಿರ ಹತ್ತಿರ ಒಂದೂವರೆ ಯೂನಿಟ್ಟು ನುಂಗುತ್ತದೆ. ಆ ಏಸಿ 18ಕ್ಕೆ ಇತ್ತು. ವೈದ್ಯರಿಲ್ಲದ ಮಧ್ಯಾಹ್ನದ ಎರಡು ಗಂಟೆಯೂ ಓಡುತ್ತಿತ್ತು. ರೋಗಿಗಳು ಒಳಹೊರಗೆ ಹೋಗುವ ಬಾಗಿಲು ತೆರೆದೇ ಇರುತ್ತಿತ್ತು. ಮೇಲಿನ ತಗಡು ಕಾದು ಕೆಂಡವಾಗುತ್ತಿತ್ತು. ಕಳ್ಳನು ಒಂದು ಕೋಣೆಯಲ್ಲಿದ್ದರೆ ನಾವು ಇನ್ನೊಂದು ಕೋಣೆಗೆ ಬೀಗ ಹಾಕಿದ್ದೆವು.

ಬೆಂಗಳೂರಿನ ದೊಡ್ಡ ಕಚೇರಿಗಳಲ್ಲಿ ಇಂಥ ಲೆಕ್ಕ ಹಾಕಲು ಕಂಪ್ಯೂಟರು, ಎಂಜಿನಿಯರು, ನೂರಾರು ಸಂವೇದಕಗಳು ಇವೆ. ಯಾವ ಮಹಡಿಯಲ್ಲಿ ಜನರಿಲ್ಲವೋ ಅಲ್ಲಿ ತಂಪು ತಾನೇ ತಗ್ಗುತ್ತದೆ. ನಮ್ಮ ದೇಶದಲ್ಲಿ 2001ರ ಇಂಧನ ಸಂರಕ್ಷಣಾ ಕಾಯಿದೆಯ ಪ್ರಕಾರ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು; ವಾಣಿಜ್ಯ ಕಟ್ಟಡಗಳಿಗಾಗಿ 2007ರಲ್ಲಿ ಒಂದು ಸಂಹಿತೆ ಬಂದು 2017ರಲ್ಲಿ ಪರಿಷ್ಕೃತವಾಯಿತು. ಆದರೆ ಅದು ಮುಖ್ಯವಾಗಿ 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ವಿದ್ಯುತ್ ಸಂಪರ್ಕವುಳ್ಳ ಕಟ್ಟಡಗಳನ್ನು ಕುರಿತದ್ದು. ಔಷಧಿ ಅಂಗಡಿ, ಬೇಕರಿ, ಹಾಲಿನ ಸೊಸೈಟಿ, ಬ್ಯಾಂಕಿನ ಸಣ್ಣ ಶಾಖೆ, ಇವೆಲ್ಲ ಅದರ ಜರಡಿಯಲ್ಲಿ ಕೆಳಗಿಳಿದುಹೋಗುತ್ತವೆ. ಒಂದೊಂದೂ ಸಣ್ಣದು, ನಿಜ. ಆದರೆ ಊರೂರಿಗೂ ಇರುವುದು ಇವೇ. ಕಾಯಿದೆ ಬರುವತನಕ ಕಾಯದೆ ತಮ್ಮ ಕಣ್ಣು, ಕೂಗು, ಕೈಗಳನ್ನು ತಾವೇ ಏರ್ಪಡಿಸಿಕೊಳ್ಳುವುದು ಲೇಸು.

ನಮ್ಮ ಶಿಷ್ಯ ಏನು ಮಾಡಿದನೆಂಬುದನ್ನು ಕ್ರಮವಾಗಿ ಹೇಳುತ್ತೇವೆ. ಇಂಥ ಅಂಗಡಿಗಳನ್ನಿಟ್ಟುಕೊಂಡವರಿಗೆ ಉಪಯೋಗವಾದೀತು.

ಮೊದಲನೆಯದಾಗಿ, ವೈರಿಂಗ್ ಕೆಲಸದವರನ್ನು ಕರೆಸಿ ಫ್ರಿಜ್ಜಿಗೆ ಬೇರೆಯೇ ದಾರಿ ಮಾಡಿಸಿದ. ಅಂಗಡಿಯ ಮೈನ್ ಆರಿಸಿದರೂ ಫ್ರಿಜ್ಜು ಆರುವುದಿಲ್ಲ. ಅದರ ಸ್ವಿಚ್ಚಿಗೆ ಕೆಂಪು ಪಟ್ಟಿ ಅಂಟಿಸಿದೆ. ಹೀಗೆ ಆರಿಸತಕ್ಕದ್ದೂ ಆರಿಸಬಾರದ್ದೂ ಬೇರೆಬೇರೆಯಾದುವು. ಹಣ ಖರ್ಚಾದದ್ದರಲ್ಲಿ ಅತ್ಯಂತ ಕಡಮೆ ಇದಕ್ಕೆ. ಉಪಕಾರವಾದದ್ದರಲ್ಲಿ ಅತ್ಯಂತ ಹೆಚ್ಚು ಇದರಿಂದ.

ಎರಡನೆಯದಾಗಿ, ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿ ಒಂದು ಸಂವೇದಕವನ್ನಿರಿಸಿ ಹೊರಗೆ ಅಂಕಿ ತೋರಿಸುವ ನಿಯಂತ್ರಕವನ್ನು ಜೋಡಿಸಿದ. 6 ಡಿಗ್ರಿಗೆ ಏರಿದಾಗ ಯಂತ್ರ ಹೊತ್ತುತ್ತದೆ, 4ಕ್ಕೆ ಇಳಿದಾಗ ಆರುತ್ತದೆ. ಈ ಎರಡರ ನಡುವಿನ ಅಂತರ ಏತಕ್ಕೆಂದು ಕೆಲವರು ಕೇಳಬಹುದು. 5ಕ್ಕೇ ಹೊತ್ತಿ 5ಕ್ಕೇ ಆರೆಂದರೆ ಅದು ನಿಮಿಷಕ್ಕೊಮ್ಮೆ ಹೊತ್ತಿ ಆರಿ ಕಂಪ್ರೆಸರ್ ಬೇಗ ಸವೆಯುತ್ತದೆ. ಆಲೆಮನೆಯಲ್ಲಿಯೂ ಉಸಿರಿಗೊಮ್ಮೆ ಕೂಗುವವನಿದ್ದರೆ ಒಲೆಯವನು ಎದ್ದುಹೋಗುತ್ತಾನೆ. ಸ್ವಲ್ಪ ಸಡಿಲು ಕೊಡುವುದು ಯಂತ್ರಕ್ಕೂ ಹಿತ, ಮನುಷ್ಯರಿಗೂ ಹಿತ.

ಮೂರನೆಯದಾಗಿ, 2ಕ್ಕಿಂತ ಕೆಳಗಾದರೂ 8ಕ್ಕಿಂತ ಮೇಲಾದರೂ ಎಚ್ಚರಿಸುವ ಏರ್ಪಾಡು. ಇದಕ್ಕೆ ಮೊಬೈಲಿಗೆ ಸಂದೇಶ ಕಳುಹಿಸುವ ಸಲಕರಣೆಗಳಿವೆ. ನಮ್ಮ ಸರಕಾರದ ಲಸಿಕೆಗಳನ್ನು ಕಾಯಲು 2015ರಿಂದ ‘ಇ-ವಿನ್’ ಎಂಬ ವ್ಯವಸ್ಥೆ ನಡೆಯುತ್ತಿದ್ದು, ಆರೋಗ್ಯ ಕೇಂದ್ರಗಳ ಶೈತ್ಯಪೆಟ್ಟಿಗೆಗಳ ಉಷ್ಣಮಾನವನ್ನು ಸಿಮ್ ಕಾರ್ಡಿನ ಮೂಲಕವೇ ದೂರಕ್ಕೆ ತಿಳಿಸುತ್ತದೆ. ಆದರೆ ನಮ್ಮ ಕಾಡಿನ ನಡುವಿನ ಊರುಗಳಲ್ಲಿ ಸಿಗ್ನಲ್ಲು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಗಾಳಿಮಳೆಗೆ ಮರ ಬಿದ್ದು ತಂತಿ ಕಡಿದರೆ ಕರೆಂಟೂ ಇಲ್ಲ. ಆದಕಾರಣ ಶಿಷ್ಯನು ಬ್ಯಾಟರಿಯಿಂದ ನಡೆಯುವ ಒಂದು ಗಂಟೆಯನ್ನು ಹಿಂಬದಿಯ ಮನೆಯಲ್ಲಿಯೇ, ಮಲಗುವ ಕೋಣೆಯ ಗೋಡೆಗೆ ಹಾಕಿಸಿದ. ಜಾನ್ಸನ್ ಮಹಾಶಯರು 1883ರಲ್ಲಿ ಮಾಡಿದ್ದೂ ಇದನ್ನೇ ಅಲ್ಲವೆ? ಗಂಟೆ ಬಾರಿಸಿದರೆ ಎದ್ದು ಬರುವ ಮನುಷ್ಯನೊಬ್ಬನಿದ್ದರೆ ಸಾಕು. ಕರೆಂಟು ಹೋದಾಗ ಸ್ವಲ್ಪ ಹೊತ್ತು ತಂಪು ನಿಲ್ಲಲೆಂದು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ನೀರು ತುಂಬಿದ ಬಾಟಲಿಗಳನ್ನೂ ಇಟ್ಟಿದ್ದಾನೆ. ಔಷಧಗಳು ಈಗ ಗೋಡೆಗೂ ಮಂಜಿನ ಗೂಡಿಗೂ ತಾಗುವುದಿಲ್ಲ.

ನಾಲ್ಕನೆಯದಾಗಿ, ಏಸಿಯ ಸಂಗತಿ. 18ರಿಂದ 26ಕ್ಕೆ ಏರಿಸಿ ಮೇಲೊಂದು ಫ್ಯಾನು ತಿರುಗಿಸಿದರು. ಒಂದೊಂದು ಡಿಗ್ರಿ ಏರಿಸಿದರೆ ಏಸಿಯ ವಿದ್ಯುತ್ತಿನಲ್ಲಿ ಸುಮಾರು ನೂರಕ್ಕೆ 6ರಷ್ಟು ಉಳಿಯುತ್ತದೆಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. 2020ರ ಜನವರಿಯಿಂದ ಕೋಣೆಯ ಏಸಿಗಳೆಲ್ಲ ಮೊದಲು ಹೊತ್ತಿಸಿದಾಗ 24 ಡಿಗ್ರಿಯಲ್ಲಿರಬೇಕೆಂಬ ನಿಯಮ ಬಂದದ್ದೂ ಇದೇ ಕಾರಣದಿಂದ. ವೈದ್ಯರು ಬರುವ ವೇಳೆಗೆ ಹೊತ್ತಿ ಹೋಗುವ ವೇಳೆಗೆ ಆರುವಂತೆ ಒಂದು ಟೈಮರು. ಬಾಗಿಲು ತಾನೇ ಮುಚ್ಚಿಕೊಳ್ಳುವಂತೆ ಒಂದು ಸ್ಪ್ರಿಂಗು.

ಐದನೆಯದು ನಮಗೆ ಬಹಳ ಮೆಚ್ಚುಗೆಯಾದದ್ದು. ನಮ್ಮ ಬೆಟ್ಟದ ಮೇಲಿನ ಬಯಲಿನಲ್ಲಿ ಹಗಲು ಎಷ್ಟು ಸುಟ್ಟರೂ ನಡುರಾತ್ರಿಯ ಮೇಲೆ ಗಾಳಿ ತಣ್ಣಗಾಗುತ್ತದೆ. ಕೆಳನಾಡಿನವರಿಗಿಲ್ಲದ ಭಾಗ್ಯವಿದು. ಬೀಗ ಹಾಕಿದ ಅಂಗಡಿಯಾದರೋ ಹಗಲಿನ ಶಾಖವನ್ನು ಹೊದ್ದುಕೊಂಡೇ ಮಲಗಿರುತ್ತದೆ. ಒಳಗೊಂದು ಹೊರಗೊಂದು ಸಂವೇದಕವನ್ನಿರಿಸಿ, ಹೊರಗಿನ ಗಾಳಿ ಒಳಗಿನದಕ್ಕಿಂತ 3 ಡಿಗ್ರಿ ತಣ್ಣಗಾದಾಗ ಗೋಡೆಯ ಸಣ್ಣ ಫ್ಯಾನು ತಾನೇ ತಿರುಗಿ ಬಿಸಿಗಾಳಿಯನ್ನು ಹೊರದೂಡುವಂತೆ ಮಾಡಿದರು. ಬೆಳಿಗ್ಗೆ ಬಾಗಿಲು ತೆರೆದರೆ ಅಂಗಡಿ ತಣ್ಣಗಿರುತ್ತದೆ. ಏಸಿಗೆ ಅರ್ಧ ಕೆಲಸ ಕಡಮೆ. ತಗಡಿನ ಮೇಲೆ ಬಿಳಿಯ ಸುಣ್ಣ ಬಳಿಸಿದ್ದರಿಂದ ಮಧ್ಯಾಹ್ನದ ಕಾವೂ ತಗ್ಗಿತು. ಸುಣ್ಣಕ್ಕೆ ಕಂಪ್ಯೂಟರು ಬೇಕಿಲ್ಲವೆಂಬುದನ್ನು ಬೇರೆ ಹೇಳಬೇಕೆ?

ಮುಂದಿನ ಬಿಲ್ಲು ಹಿಂದಿನದಕ್ಕಿಂತ ಕಡಮೆ ಬಂತು. ಅಷ್ಟೂ ಈ ಏರ್ಪಾಡಿನ ಫಲವೆಂದು ನಾವು ಹೇಳಲಾರೆವು; ಆ ಹೊತ್ತಿಗೆ ಮಳೆಯೂ ಬಂದಿತ್ತು. ಮುಂದಿನ ಬೇಸಗೆಯ ಬಿಲ್ಲನ್ನು ಈ ಬೇಸಗೆಯದರ ಪಕ್ಕದಲ್ಲಿಟ್ಟು ನೋಡಬೇಕು. ಶಿಷ್ಯನಿಗೆ ಎರಡನ್ನೂ ಜೋಪಾನವಾಗಿಡಲು ಹೇಳಿದ್ದೇವೆ.

ಎಲ್ಲಕ್ಕೂ ಒಂದೇ ತಂಪು ಸಲ್ಲದೆಂಬುದನ್ನೂ ವಾಚಕರು ನೆನಪಿಡಬೇಕು. ಹಾಲಿನ ಸೊಸೈಟಿಯ ತೊಟ್ಟಿಯಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸುತ್ತಾರೆ. ಬಾಳೆಯನ್ನು 13ಕ್ಕಿಂತ ಕೆಳಗಿಳಿಸಿದರೆ ಸಿಪ್ಪೆ ಕಪ್ಪಾಗಿ ಹಣ್ಣು ಸರಿಯಾಗಿ ಮಾಗುವುದಿಲ್ಲ. ಟೊಮೇಟೊ ಕಾಯಿಗೂ ಅತಿ ತಂಪು ಆಗದು. ಅನೇಕ ಮಾತ್ರೆಗಳಿಗೆ ಫ್ರಿಜ್ಜೇ ಬೇಡ, 25 ಅಥವಾ 30 ಡಿಗ್ರಿಯೊಳಗಿದ್ದರೆ ಸಾಕು. ಅದು ಪೊಟ್ಟಣದ ಮೇಲೆಯೇ ಬರೆದಿರುತ್ತದೆ. ಉಳಿತಾಯವೆಂದರೆ ಎಲ್ಲವನ್ನೂ ಆರಿಸುವುದಲ್ಲ. ಯಾವುದಕ್ಕೆ ಎಷ್ಟು ಬೇಕೋ ಅಷ್ಟನ್ನು, ಬೇಕಾದ ಹೊತ್ತಿನಲ್ಲಿ ಮಾತ್ರ ಕೊಡುವುದು. ತಾಯಂದಿರು ಒಂದೇ ಪಂಕ್ತಿಯಲ್ಲಿ ಕೂತ ಅಜ್ಜನಿಗೂ ಮೊಮ್ಮಗನಿಗೂ ಬೇರೆಬೇರೆಯಾಗಿ ಬಡಿಸುವಾಗ ಇದನ್ನೇ ಮಾಡುತ್ತಾರೆ.

ಯಂತ್ರ ಬಂದ ಮೇಲೂ ಕೆಲಸದ ಹುಡುಗನಿಗೆ ಕೆಲಸ ಹೋಗಲಿಲ್ಲ. ಹೋಗಬಾರದೆಂದು ನಾವೂ ಹೇಳಿದೆವು. ಅವನು ಈಗ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಫ್ರಿಜ್ಜಿನ ಅಂಕಿಯನ್ನು ನೋಡಿ ಒಂದು ನೋಟುಪುಸ್ತಕದಲ್ಲಿ ದಿನಾಂಕ ಸಹಿತ ಬರೆಯುತ್ತಾನೆ. ಯಂತ್ರದ ಕಣ್ಣನ್ನು ನೋಡಲು ಮನುಷ್ಯನ ಕಣ್ಣೊಂದು ಬೇಕೇಬೇಕು. ಪುಸ್ತಿಕೆಯಲ್ಲಿದ್ದ ಮುಖ್ಯ ಸಂಗತಿಗಳನ್ನು ನಾವೇ ಕನ್ನಡದಲ್ಲಿ ಬರೆದುಕೊಟ್ಟೆವು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾನೆ. ಆರು ಸಾಲಿನ ಚೀಟಿ ಅದು. ಅದನ್ನು ಆರು ತಿಂಗಳು ಮುಂಚೆ ಬರೆದುಕೊಡುವವರು ಯಾರೂ ಇರಲಿಲ್ಲ. ಗಡಿಯ ಈಚೆ ಬಾಳುವ ನಮ್ಮ ಮಕ್ಕಳ ಕೈಗೆ ಯಂತ್ರಗಳು ಬಂದಿವೆ. ಅವುಗಳ ಮಾತು ಮಾತ್ರ ಅವರ ಭಾಷೆಯಲ್ಲಿ ಬಂದಿಲ್ಲ. ಓದು ಬಲ್ಲ ಹಿರಿಯರು ಊರಿಗೊಬ್ಬರು ಇಂಥ ಚೀಟಿಗಳನ್ನು ಬರೆದುಕೊಟ್ಟರೆ ಅದೂ ಕನ್ನಡದ ಸೇವೆಯೇ.

ಶಾಲೆಯ ಗೋಡೆಯ ಮೇಲಿನ ಬರಹವನ್ನು ಜೂನ್ ತಿಂಗಳಲ್ಲಿ ಅಳಿಸಿ ಹೊಸದಾಗಿ ಬರೆಸಿದೆವು. “ಆರಿಸುವ ಮೊದಲು ಯೋಚಿಸಿ: ಯಾವುದನ್ನು ಆರಿಸಬಾರದು?” ಎಂದಿದೆ ಈಗ. ಅದನ್ನು ಬರೆಯುತ್ತಿದ್ದ ದಿನ ಆ ಹುಡುಗನನ್ನೂ ಕರೆಸಿದ್ದೆವು. ಮಕ್ಕಳೆದುರಿಗೆ, ತಪ್ಪು ಅವನದಲ್ಲ, ಪಾಠ ಅರ್ಧ ಹೇಳಿದ ನಮ್ಮದು ಎಂದು ಹೇಳಿದೆವು. ಅವನು ಮಾತನಾಡದೆ ಬಣ್ಣದ ಡಬ್ಬಿಯನ್ನು ಹಿಡಿದುಕೊಂಡು ನಿಂತಿದ್ದ.

ಅಕ್ಕನವರಿಗೆ ಹೊಸ ಸೀಸೆ ಬಂದ ಮೇಲೆ ಸಕ್ಕರೆ ಕ್ರಮೇಣ ಇಳಿಯಿತು. ಅವರಲ್ಲಿಯೂ ಕ್ಷಮೆ ಕೇಳಿದೆವು. “ಹೋಗಲಿ ಬಿಡಪ್ಪ” ಎಂದರು. ಆದರೆ ಈಚೆಗೆ ಔಷಧಿಗೆ ನಾವು ಹೊರಟರೆ ತಾವೂ ಹೊರಡುತ್ತಾರೆ. ಅಂಗಡಿಗೆ ಹೋಗಿ, ಕನ್ನಡಕ ಏರಿಸಿಕೊಂಡು, ಫ್ರಿಜ್ಜಿನ ಹೊರಗಿನ ಅಂಕಿಯನ್ನು ತಾವೇ ಓದಿ, ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಹಣ ಕೊಡುವುದು. ನಮ್ಮ ವಾಚಕರ ಮನೆಗಳಲ್ಲಿಯೂ ಇಂಥ ಔಷಧ ಬಳಸುವವರಿದ್ದರೆ ಹಾಗೆಯೇ ಮಾಡಬೇಕೆಂದು ಕೋರುತ್ತೇವೆ. ಅಂಗಡಿಯವರು ಬೇಸರಪಟ್ಟುಕೊಳ್ಳಲಾರರು, ಪಟ್ಟುಕೊಂಡರೂ ಅಡ್ಡಿಯಿಲ್ಲ.